ಭಾವನ ಅಂಗಡಿಗೆ ಇಟ್ಟ ಹೆಸರು

ಎಲ್ಲರೂ ಪುಟ್ಟಿ ಎಂದೇ ಕರೆಯುತ್ತಿದ್ದರೂ ಆಕೆಗೆ ನಲವತ್ತು ದಾಟಿ, ಕಿವಿಯ ಪಕ್ಕ ನರೆ ಇಣುಕಿತ್ತು. ಕೆಲಸ ನಿಘಂಟಿನ ಕಚೇರಿಯಲ್ಲಿ. ಹಳೆಯದೊಂದು ಇಂಗ್ಲಿಷ್ ನಿಘಂಟನ್ನು ಓದುತ್ತಾ ಹೋಗಿ, ಈಗ ಯಾರ ಬಾಯಲ್ಲೂ ಇಲ್ಲದ ಪದಗಳಿಗೆ ಕೆಂಪು ಗೀಟು ಎಳೆಯಬೇಕು. ಹೊಸ ಮುದ್ರಣದಲ್ಲಿ ಅವಕ್ಕೆ ಜಾಗವಿಲ್ಲ. ಗೀಟು ಬೀಳುವ ಮುಂಚೆ ಪ್ರತಿಯೊಂದನ್ನೂ ಒಮ್ಮೆ ಬಾಯಿಬಿಟ್ಟು ಹೇಳಿ ರುಚಿ ನೋಡುವುದು ಅವಳ ಚಟ. ಹಾಸಿಗೆ ಬಿಟ್ಟೇಳದ ಸೋಮಾರಿಗೆ ‘ಸ್ಲಗಬೆಡ್’ ಎನ್ನುತ್ತಿದ್ದರೆಂದು ತಿಳಿದ ದಿನ, ತಡವಾಗಿ ಬಂದ ಮೇಲಧಿಕಾರಿಯ ಮುಖ ನೋಡಲಾಗದೆ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿದ್ದಳು.

ಅವಳ ಅಕ್ಕನ ಗಂಡ ಕುರ್ಚಿ, ಮೇಜು, ಮಂಚ ಮಾರುವ ವ್ಯಾಪಾರಿ. ಆಳು ಗಿಡ್ಡ, ಮಾತು ಮುಗಿಲೆತ್ತರ. ವೈದ್ಯರಿಗೆ ಔಷಧಿಯ ಬಗ್ಗೆ, ಬಡಗಿಗೆ ಮರದ ಬಗ್ಗೆ ಪಾಠ ಹೇಳುವ ಮನುಷ್ಯ. ‘ಗೊತ್ತಿಲ್ಲ’ ಎಂಬ ಮಾತು ಅವರ ಬಾಯಿಂದ ಉದುರಿದ್ದನ್ನು ಕೇಳಿದವರಿಲ್ಲ.

ಹೊಸ ಮಳಿಗೆ ತೆರೆಯುವಾಗ ಭಾವ ನಾದಿನಿಯನ್ನು ಕರೆಸಿ ಒಂದು ಇಂಗ್ಲಿಷ್ ಹೆಸರು ಕೇಳಿದರು. ಯಾರೂ ಕೇಳಿರಬಾರದಂತೆ, ಕೇಳಿದವರು ಬೆರಗಾಗಬೇಕಂತೆ. ಪುಟ್ಟಿಗೆ ಅಂದು ಬೆಳಿಗ್ಗೆ ಗೀಟು ಬಿದ್ದ ಪದವೊಂದು ನಾಲಿಗೆಯ ತುದಿಯಲ್ಲೇ ಇತ್ತು.

“ಕಾಕಲೋರಮ್,” ಎಂದಳು.

ತಾನೇ ದೊಡ್ಡವನೆಂದು ಬೀಗುವ ಗಿಡ್ಡ ಮನುಷ್ಯ ಎಂದು ಅದರ ಅರ್ಥ. ಭಾವ ಹೇಗೂ ಅರ್ಥ ಕೇಳುತ್ತಾರೆ, ಹೇಳಿ ನಕ್ಕು, ಆಮೇಲೆ ಬೇರೆ ಒಳ್ಳೆಯ ಹೆಸರು ಕೊಟ್ಟರಾಯಿತು ಅಂದುಕೊಂಡಿದ್ದಳು. ಭಾವ ಕಣ್ಣು ಮುಚ್ಚಿ ತಲೆದೂಗಿದರು.

“ಗೊತ್ತು, ಗೊತ್ತು. ನಾನೂ ಅದನ್ನೇ ಯೋಚಿಸ್ತಿದ್ದೆ.”

ಆಮೇಲೆ ಹೇಳಲು ಪುಟ್ಟಿಗೆ ಧೈರ್ಯವಾಗಲಿಲ್ಲ. ನಿಜ ಹೇಳಬೇಕೆಂದರೆ, ಮನಸ್ಸೂ ಆಗಲಿಲ್ಲ. ಸುತ್ತ ದೀಪ ಹಾಕಿದ ಫಲಕ ಮೇಲೇರಿತು. ಅದು ಲ್ಯಾಟಿನ್ ಪದವೆಂದೂ, ಮಹನೀಯರು ಆಸೀನರಾಗುವ ಸಭಾಂಗಣ ಎಂದು ಅರ್ಥವೆಂದೂ ಭಾವ ಬಂದವರಿಗೆಲ್ಲ ವಿವರಿಸುವಾಗ ಪುಟ್ಟಿ ಕಪಾಟಿನ ಹಿಂದೆ ನಿಂತು ಸೆರಗು ಕಚ್ಚಿಕೊಂಡಿದ್ದಳು.

ವ್ಯಾಪಾರ ಭರ್ಜರಿಯಾಗಿ ನಡೆಯಿತು. ಹೀಗಿರುವಾಗ ನಿವೃತ್ತ ಇಂಗ್ಲಿಷ್ ಮೇಷ್ಟರೊಬ್ಬರು ತೂಗುಕುರ್ಚಿ ಕೊಳ್ಳಲು ಬಂದರು. ಫಲಕ ಓದಿ ನಗಲು ಹತ್ತಿದವರು, ಮಾಲೀಕರನ್ನು ಕಂಡ ಮೇಲಂತೂ ಅದೇ ಕುರ್ಚಿಯಲ್ಲಿ ಕುಸಿದು ಕೂತು ನಕ್ಕರು. ಹೋಗುವಾಗ ಅರ್ಥ ಹೇಳಿಯೇ ಹೋದರು.

ಸಂಜೆ ಅಕ್ಕನ ಫೋನು ಬಂತು. ಭಾವ ಕರೀತಿದಾರೆ, ಬಾ ಎಂದಷ್ಟೇ ಹೇಳಿ ಇಟ್ಟಳು. ಪುಟ್ಟಿ ಹೋದಾಗ ಭಾವ ಎತ್ತರದ ಕುರ್ಚಿಯೊಂದರಲ್ಲಿ ಕೂತಿದ್ದರು. ಪಾದ ನೆಲ ಮುಟ್ಟುತ್ತಿರಲಿಲ್ಲ. ಅದನ್ನು ಕಂಡು ಅವಳಿಗೆ ಮೊದಲ ಸಲ ಪಾಪ ಅನ್ನಿಸಿತು.

“ತಪ್ಪಾಯ್ತು ಭಾವ. ಅವತ್ತೇ ಹೇಳಬೇಕಿತ್ತು.”

ಭಾವ ಹೆಂಡತಿಯ ಕಡೆ ತಿರುಗಿದರು. “ನೋಡು ನಿನ್ನ ತಂಗಿ ಮಾಡಿದ ಕೆಲಸ.”

ಅಕ್ಕ ಮಡಚುತ್ತಿದ್ದ ಬಟ್ಟೆಯಿಂದ ತಲೆಯೆತ್ತಲಿಲ್ಲ. “ಫಲಕ ಹಾಕಿದ ದಿನವೇ ಹುಡುಕಿ ನೋಡಿದ್ದೆ. ಮದುವೆಯಾದಾಗಿನಿಂದ ಅರ್ಥ ಗೊತ್ತಿತ್ತು, ಪದ ಗೊತ್ತಿರಲಿಲ್ಲ ಅಷ್ಟೆ.”

ಭಾವನ ಕಿವಿ ಕೆಂಪಾಯಿತು, ಮೀಸೆ ಅದುರಿತು. ಕೊನೆಗೆ ಹೊಟ್ಟೆಯೊಳಗಿಂದ ನಗು ಎದ್ದುಬಂದು, ಬಗ್ಗಿ ಮೊಣಕಾಲು ಹಿಡಿದುಕೊಳ್ಳುವಂತಾಯಿತು. ಪುಟ್ಟಿಯ ಎದೆಯ ಮೇಲಿನ ಕಲ್ಲು ಇಳಿಯಿತು.

ಆದರೆ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಮನುಷ್ಯ ತನ್ನ ಹಳೆಯ ದಾರಿಗೆ ಮರಳಿದ್ದರು. ಆ ಮೇಷ್ಟರ ಮುಂದೆ ಸುಮ್ಮನೆ ಗೊತ್ತಿಲ್ಲದವರ ಹಾಗೆ ನಟಿಸಿದ್ದಂತೆ. ತನ್ನನ್ನೇ ತಮಾಷೆ ಮಾಡಿಕೊಳ್ಳುವ ವ್ಯಾಪಾರಿ ಈ ಬೀದಿಯಲ್ಲಿ ಇನ್ನೊಬ್ಬನಿದ್ದಾನೆಯೇ ಎಂದು ಬೇರೆ ಕೇಳಿದರು. ಮರುದಿನದಿಂದ ಅಂಗಡಿಗೆ ಬಂದವರಿಗೆಲ್ಲ, ಎದ್ದು ನಿಂತು ತಮ್ಮ ಎತ್ತರ ತೋರಿಸಿ, ಈ ಪದ ನಾನೇ ಹುಡುಕಿ ಇಟ್ಟದ್ದು ಎಂದು ಹೇಳತೊಡಗಿದರು. ಎಷ್ಟು ಚೆನ್ನಾಗಿ ಹೇಳುತ್ತಿದ್ದರೆಂದರೆ, ಒಮ್ಮೆ ಅಲ್ಲೇ ನಿಂತು ಕೇಳಿದ ಪುಟ್ಟಿಗೂ ಇರಬಹುದೇನೋ ಅನ್ನಿಸಿತು.

ಊರಲ್ಲಿ ಆ ಪದ ಎಲ್ಲರ ಬಾಯಿಗೂ ಬಂತು. ಇನ್ನು ಅದು ಬಳಕೆಯಲ್ಲಿಲ್ಲ ಎನ್ನುವ ಹಾಗಿರಲಿಲ್ಲ. ಪುಟ್ಟಿ ಕಚೇರಿಗೆ ಹೋಗಿ, ಹಲ್ಲು ಕಚ್ಚಿಕೊಂಡು, ಆ ಪದದ ಮೇಲೆ ತಾನೇ ಎಳೆದ ಕೆಂಪು ಗೀಟನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆಯುತ್ತಾ ಕೂತಳು.