ಸೋತವರು ತಟ್ಟೆ ಒರೆಸಬೇಕು

ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಊಟ ಬೇಗ ಮುಗಿಯುತ್ತಿತ್ತು, ವಾದ ಮುಗಿಯುತ್ತಿರಲಿಲ್ಲ. ನನ್ನ ಅಣ್ಣ ಚರ್ಚಿನಲ್ಲಿ ಗಂಟೆ ಹೊಡೆಯುವವನು. ನಮ್ಮವರು ಆಸ್ಪತ್ರೆಯಲ್ಲಿ ಮಂಚದ ಗಾಲಿ ರಿಪೇರಿ ಮಾಡುತ್ತಿದ್ದರು, ದೇವರನ್ನು ನಂಬುತ್ತಿರಲಿಲ್ಲ. ಸಮಾಜಕ್ಕೆ ಒಳ್ಳೆಯದು ಮಾಡಿದ್ದು ಕ್ರೈಸ್ತ ಧರ್ಮವೋ ನಾಸ್ತಿಕತೆಯೋ ಎಂದು ಹನ್ನೆರಡು ವರ್ಷ ಇಬ್ಬರೂ ಕಿತ್ತಾಡಿದರು. ಉತ್ತರಕ್ಕೆ ತಡವರಿಸಿದವರು ಸೋತಂತೆ. ಸೋತವರು ತಟ್ಟೆ ಒರೆಸಬೇಕು. ತೊಳೆಯುವವಳು ನಾನು. ನನ್ನ ಪಕ್ಷ ಯಾವುದೆಂದು ಯಾರೂ ಕೇಳಿರಲಿಲ್ಲ.

“ನಿಮಗೆ ಸಂಬಳ ಕೊಡೋ ಆಸ್ಪತ್ರೆ ಕಟ್ಟಿಸಿದ್ದು ಯಾರು ಭಾವ? ನಮ್ಮ ಚರ್ಚಿನ ಸಿಸ್ಟರುಗಳು!” ಎಂದು ಅಣ್ಣ ಶುರು ಮಾಡುವನು.

“ಕಟ್ಟಿದ್ದು ಗಾರೆ ಕೆಲಸದವರು ಗಂಟೆಪ್ಪ. ಹೊಟ್ಟೆ ಕೊಯ್ಯೋ ಮುಂಚೆ ಕೊಡೋದು ಅರಿವಳಿಕೆ, ನಿನ್ನ ಪ್ರಾರ್ಥನೆ ಅಲ್ಲ. ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸಿದ್ದು ಯಾರು, ಅದನ್ನ ಹೇಳು ಮೊದಲು.”

“ದೇವರಿಲ್ಲ ಅಂದ ಸರ್ಕಾರಗಳು ಜನರನ್ನ ಜೈಲಿಗೆ ತಳ್ಳಲಿಲ್ವಾ?”

ಕೊನೆಯ ಭಾನುವಾರ ಅಣ್ಣ ಹೊಸದೊಂದು ತೆಗೆದ. “ನಮ್ಮಲ್ಲಿ ಯಾರಾದ್ರೂ ಸತ್ತರೆ ಹಾಡೋಕೆ ಬೀದಿ ಬೀದಿನೇ ಬರುತ್ತೆ. ನೀವು ಹೋದಾಗ ಹಾಡೋರು ಯಾರು ಭಾವ?”

ನಮ್ಮವರು ಎದ್ದು ಬಂದು ಒರೆಸುವ ಬಟ್ಟೆ ಎತ್ತಿಕೊಂಡರು. ಅದಾದ ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಗಾಲಿಗೆ ಎಣ್ಣೆ ಬಿಡುತ್ತಿದ್ದವರು ಕೂತಲ್ಲೇ ಕುಸಿದರು.

ಅವರ ಇಷ್ಟದಂತೆ ಪ್ರಾರ್ಥನೆಯಿಲ್ಲದೆ ಮಣ್ಣು ಮಾಡಿದೆವು. ಅದರ ಮುಂದಿನ ಭಾನುವಾರ ಅಣ್ಣ ಬಂದ. “ಆಸ್ಪತ್ರೆ ಕಟ್ಟಿಸಿದ್ದು ಯಾರು...” ಎಂದು ಅಭ್ಯಾಸಕ್ಕೆ ಬಿದ್ದು ಕೇಳಿ, ಉತ್ತರಕ್ಕೆ ಕಾದ. ಎದುರಿನ ಖಾಲಿ ಕುರ್ಚಿ ನೋಡಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟ. ಅರ್ಧಕ್ಕೆ ಎದ್ದು ಹೋದವನು ಐದು ವಾರ ಇತ್ತ ತಲೆ ಹಾಕಲಿಲ್ಲ.

ನನಗೆ ತವರೆಂದರೆ ಅವನೊಬ್ಬನೇ. ಎಂಟು ವರ್ಷದ ಮಗಳು ಊಟ ಮುಗಿಸಿ ಆಡಲು ಓಡಿದರೆ, ನಲ್ಲಿಯ ಹನಿ ಬಿಟ್ಟು ಬೇರೆ ಸದ್ದಿಲ್ಲ. ಎರಡೇ ತಟ್ಟೆ, ತೊಳೆಯಲು ಎಷ್ಟು ಹೊತ್ತು? ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದೆ. ಅಣ್ಣನೂ ಬಾರದೆ ಹೋದರೆ ನಮ್ಮವರ ಮಾತುಗಳೂ ಈ ಮನೆಯಿಂದ ಹೋಗಿಬಿಡುತ್ತವೆ ಎಂದು ಹೆದರಿಕೆಯಾಯಿತು.

ಆರನೆಯ ಭಾನುವಾರ ಆರಾಧನೆ ಮುಗಿದ ಮೇಲೆ ಗಂಟೆಗೋಪುರದ ಕೆಳಗಿನ ಕೋಣೆಗೆ ಹೋದೆ. ಅಣ್ಣ ಮೇಣದಬತ್ತಿಯ ತಟ್ಟೆಯಿಂದ ಮೇಣ ಕೆರೆಯುತ್ತಿದ್ದ.

“ಯಾಕೆ ಮನೆಗೆ ಬರ್ತಿಲ್ಲ ಅಣ್ಣಾ?”

“ಯಾವ ಮುಖ ಇಟ್ಕೊಂಡು ಬರ್ಲಿ? ಸಾಯೋ ಮನುಷ್ಯನಿಗೆ ಅಂಥ ಮಾತಂದೆ. ಉತ್ತರಾನೂ ಕೊಡದೆ ಹೋದ್ರು.”

“ಕೊಟ್ಟಿದ್ರು. ತಟ್ಟೆ ಒರೆಸ್ತಾ ನನ್ನ ಹತ್ರ ಅಂದ್ರು, ‘ನಿಮ್ಮಣ್ಣನೇ ಹಾಡ್ತಾನೆ ಬಿಡು, ಸ್ವಲ್ಪ ಶ್ರುತಿ ತಪ್ಪುತ್ತೆ ಅಷ್ಟೇ.’ ಮುಂದಿನ ವಾರ ತಾವೇ ಹೇಳಿ ಗೆಲ್ಬೇಕಂತೆ, ನೀನು ಬಾಯಿ ಬಿಡಬೇಡ ಅಂದಿದ್ರು.”

ಚಾಕು ನಿಂತಿತು.

“ಹಾಡಿದ್ದೆ ಕಣೇ. ಸ್ಮಶಾನದ ಗೇಟಿನ ಹೊರಗೆ ನಿಂತು. ಯಾರಿಗೂ ಕೇಳಿಸದ ಹಾಗೆ.”

“ಹಾಗಾದ್ರೆ ನೀನೇ ಸೋತೆ. ನಡಿ, ತಟ್ಟೆ ಒರೆಸು.”

ಬಂದ. ತಲೆ ತಗ್ಗಿಸಿ ಉಣ್ಣುತ್ತಿದ್ದವನನ್ನು ನಾನೇ ಕೆಣಕಿದೆ. “ಏನು ಗಂಟೆಪ್ಪನವರೇ, ಆಸ್ಪತ್ರೆ ವಿಷಯ ಇವತ್ತು ಎತ್ತಲ್ವಾ?”

“ಮಾವಾ, ಅಮ್ಮ ಅಪ್ಪನ ಥರ ಮಾತಾಡ್ತಿದ್ದಾಳೆ!” ಎಂದು ಮಗಳು ಕಿಸಕ್ಕನೆ ನಕ್ಕಳು.

ಅವರ ಮಾತುಗಳನ್ನೆಲ್ಲ ಒಂದೊಂದಾಗಿ ಆಡಿದೆ. ಹನ್ನೆರಡು ವರ್ಷ ಬೆನ್ನು ತಿರುಗಿಸಿ ಕೇಳಿಸಿಕೊಂಡದ್ದು ಎಲ್ಲಿ ಹೋಗುತ್ತದೆ? ಬೆಳಿಗ್ಗೆಯೇ ದೇವರ ಹತ್ತಿರ ಮುಂಗಡವಾಗಿ ಕ್ಷಮೆ ಕೇಳಿಕೊಂಡಿದ್ದೆ.

ಅಣ್ಣ ಮೂರನೆಯ ತಟ್ಟೆ ಒರೆಸುತ್ತಾ ಕೇಳಿದ, “ಅಲ್ಲ, ನಿಜವಾಗ್ಲೂ ನೀನು ಯಾವ ಪಕ್ಷ?”

ನಾನು ಸೋಪಿನ ನೀರು ಚೆಲ್ಲಿ ಕೈ ಒರೆಸಿಕೊಂಡೆ.

“ಮುಂದಿನ ಭಾನುವಾರ ಬಾ, ಹೇಳ್ತೀನಿ.”

ಇವತ್ತು ಬುಧವಾರ. ಬಟ್ಟೆ ಹಿಂಡುವಾಗ, ಮಗಳ ಜಡೆ ಹೆಣೆಯುವಾಗ ಅದನ್ನೇ ಯೋಚಿಸುತ್ತೇನೆ. ಅವರು ಕುಸಿದ ದಿನ ಎದೆ ಒತ್ತಿ ಒತ್ತಿ ಬೆವತ ಡಾಕ್ಟರು ಚರ್ಚಿನ ಮುಖ ನೋಡಿದವರಲ್ಲ. ತಲೆಯ ಹತ್ತಿರ ಮಂಡಿಯೂರಿದ್ದ ಸಿಸ್ಟರು ಜಪಮಾಲೆ ಬಿಟ್ಟಿರಲಿಲ್ಲ. ಇಬ್ಬರೂ ನಾನು ಬರುವವರೆಗೆ ಅವರನ್ನು ಬಿಟ್ಟು ಹೋಗಿರಲಿಲ್ಲ. ಅಲ್ಲೇ ಎಲ್ಲೋ ನನ್ನ ಉತ್ತರ ಇದೆ ಅನಿಸುತ್ತದೆ.

ಅಣ್ಣನಿಗೆ ಹೇಳುವ ಮೊದಲು ಒಮ್ಮೆ ಅವರ ಮುಂದೆ ಹೇಳಿ ನೋಡಬೇಕಿತ್ತು. ಎಲ್ಲಿ ಸೋಲುತ್ತೇನೆಂದು ಅವರು ನಗುತ್ತಾ ತೋರಿಸಿಕೊಡುತ್ತಿದ್ದರು.