ದುಂಡಮ್ಮನ ಕೆಂಪು ಸೂರು

ಕೆಂಬಾಳೆ ಮಾರುವ ಅಂಗಡಿಗೆ ಕೆಂಪು ಸೂರೇ ಇರಬೇಕೆಂಬುದು ಕಮಲಾಪುರದ ದುಂಡಮ್ಮನ ಹಟ. ಹುಮನಾಬಾದ್ ರಸ್ತೆಯ ಬದಿಯಲ್ಲಿದ್ದ ಆಕೆಯ ಅಂಗಡಿಯ ತಗಡಿಗೆ ಬಣ್ಣ ಬಳಿಸಿದ ಹೊಸದರಲ್ಲಿ ಕಂಡಕ್ಟರುಗಳು ದೂರದಿಂದಲೇ "ಕೆಂಪ ಅಂಗಡಿ" ಎಂದು ಕೂಗಿ ಬಸ್ಸು ನಿಲ್ಲಿಸುತ್ತಿದ್ದರು. ಆದರೆ ನಮ್ಮ ಕಡೆಯ ಬಿಸಿಲು ಯಾರ ಮುಲಾಜು ನೋಡುತ್ತದೆ? ಎರಡೇ ಬೇಸಿಗೆಗೆ ಬಣ್ಣ ಬಿಳಿಚಿಕೊಂಡಿತು, ಬಸ್ಸುಗಳು ನಿಲ್ಲದೆ ಮುಂದೆ ಹೋಗತೊಡಗಿದವು. ಹಣ್ಣು ಬುಟ್ಟಿಯಲ್ಲೇ ಕಪ್ಪಾಗುವುದನ್ನಾದರೂ ಸಹಿಸಿಯಾಳು. ತನ್ನ ಅಂಗಡಿಯ ಹೆಸರು ಯಾರ ಬಾಯಲ್ಲೂ ಇಲ್ಲವಲ್ಲ ಎಂಬ ಸಂಕಟ ಮಾತ್ರ ಆಕೆಗೆ ತಡೆಯಲಾಗಲಿಲ್ಲ.

ಎರಡು ಸಾವಿರದ ಮೂರರ ಚಳಿಗಾಲದಲ್ಲಿ ಆಕೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಗೆ ಹೋದಾಗ, ತಗಡಿನ ವ್ಯಾಪಾರಿ ಇನಾಯತ್ ಹೊಸ ನಮೂನೆಯ ಮಾಲು ತೋರಿಸಿದ. ತಗಡಿನ ಮೇಲೆ ಕಲ್ಲಿನ ಸಣ್ಣ ಹರಳು ಕೂರಿಸಿದ್ದರು. ಬಣ್ಣ ಹರಳಿನಲ್ಲೇ ಇರುವುದರಿಂದ ಬಿಸಿಲಿಗೆ ಹೋಗುವುದಿಲ್ಲ ಎಂದ. ಹೋಗದ ಬಣ್ಣ ಈ ಸೀಮೆಯಲ್ಲಿ ತಾನು ಕಂಡಿಲ್ಲ ಎಂದಳು ದುಂಡಮ್ಮ. ಇನಾಯತ್ ನಕ್ಕು, ಒಂದು ಕೆಂಪು ತುಂಡು ಕತ್ತರಿಸಿ ಕೊಟ್ಟು, ಬೇಸಿಗೆ ಕಳೆಯುವ ತನಕ ಇಟ್ಟು ನೋಡಿರೆಂದ.

ದುಂಡಮ್ಮ ಅದನ್ನು ಮಾಳಿಗೆಯ ಮೇಲಿಟ್ಟಳು. ಅರ್ಧ ಬಿಸಿಲಿಗೆ ಬಿಟ್ಟು, ಅರ್ಧಕ್ಕೆ ಪೆಟ್ಟಿಗೆಯಲ್ಲಿದ್ದ ಕೆಂಪು ಖಣ ಬಿಗಿದು ಕಟ್ಟಿದಳು. ಉಡಿ ತುಂಬಿದಾಗ ಬಂದ ಕುಬಸದ ಖಣವನ್ನು ಯಾರು ತಾನೇ ಹೊಲಿಸುತ್ತಾರೆ? ಅದು ಈ ಮನೆಯಿಂದ ಆ ಮನೆಗೆ ತಿರುಗುತ್ತಲೇ ಇರುತ್ತದೆ. ಇದನ್ನು ಮಹಾಗಾಂವದ ನಾದಿನಿ ಮಲ್ಕಮ್ಮ ಕೊಡುವಾಗ "ಬಣ್ಣ ಪಕ್ಕಾ ಅದ ವೈನಿ" ಅಂದಿದ್ದಳು.

ಬೇಸಿಗೆಯ ನಡುವೆ ಒಂದು ಗಾಳಿಮಳೆ ಬಂದು ಹೋಯಿತು. ಮೇ ತಿಂಗಳ ಕೊನೆಗೆ ಖಣ ಬಿಚ್ಚಿದರೆ, ಮುಚ್ಚಿದ್ದ ಅರ್ಧ ಕುಂಕುಮಗೆಂಪು, ಬಿಸಿಲುಂಡ ಅರ್ಧ ಬರೀ ಇಟ್ಟಂಗಿ ಬಣ್ಣ. ಬಣ್ಣ ಬಿಸಿಲಿಗೆ ಹೋಗೇಬಿಟ್ಟಿತೆಂದು ದುಂಡಮ್ಮ ಸೆರಗು ಸೊಂಟಕ್ಕೆ ಸಿಗಿಸಿದಳು. ಸಮಾಧಾನದಿಂದ ಕೇಳು ಎಂದು ಗಂಡ ಮಲ್ಕಪ್ಪ ಹೇಳುವಷ್ಟರಲ್ಲಿ ಆಕೆ ತುಂಡನ್ನು ಹಿಡಿದು ಬಸ್ಸು ಹತ್ತಿಯಾಗಿತ್ತು. ಮಹಾಗಾಂವ ದಾಟುವುದರೊಳಗೆ ಇನಾಯತ್ ಎಂಥ ಮೋಸಗಾರ ಎಂಬುದು ಇಡೀ ಬಸ್ಸಿಗೆ ಗೊತ್ತಾಯಿತು.

ಕಲಬುರಗಿಯ ರೋಜಾ ದರ್ಗಾಕ್ಕೆ ಹೊರಟಿದ್ದ ಜೈನಾಬಿ ಎಂಬ ಮುದುಕಿ ಪಕ್ಕದಲ್ಲಿ ಕುಳಿತಿದ್ದಳು. ಆಕೆ ದುಂಡಮ್ಮನ ಕೈ ನೋಡಿ, "ಮೆಹಂದಿ ಹಚ್ಚೀಯೇನವ್ವಾ?" ಎಂದು ಕೇಳಿದಳು.

ಬೆವೆತ ಅಂಗೈ ಕೆಂಪಗಾಗಿತ್ತು. ದುಂಡಮ್ಮ ಗಾಬರಿಯಿಂದ ಸೆರಗಿನ ತುದಿಗೆ ನೀರು ಸೋಕಿಸಿ ತುಂಡನ್ನು ತಿಕ್ಕಿದಳು. ಕುಂಕುಮಗೆಂಪು ಸೆರಗಿಗೆ ಬಂತು. ಅದರಡಿಯಲ್ಲಿ ಇನ್ನೊಂದು ಅರ್ಧದಲ್ಲಿದ್ದ ಅದೇ ಇಟ್ಟಂಗಿ ಬಣ್ಣ. ಬಣ್ಣ ಬಿಟ್ಟದ್ದು ಮಳೆಗೆ ನೆಂದ ಖಣ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು. ಜೈನಾಬಿ ಮೊದಲು ನಕ್ಕಳು, ಆಮೇಲೆ ಬಸ್ಸೆಲ್ಲ ನಕ್ಕಿತು. ದುಂಡಮ್ಮನಿಗೆ ಇಳಿದು ಮನೆಗೆ ತಿರುಗುವಷ್ಟು ನಾಚಿಕೆಯಾಯಿತು. ಆದರೂ ಇಳಿಯಲಿಲ್ಲ.

ಇನಾಯತ್‌ನ ಅಂಗಡಿಯಲ್ಲಿ ಎರಡೂ ಅಂಗೈ ಚಾಚಿ ಹೇಳಿದಳು, "ಇಡೀ ಬಸ್ಸಿನಾಗ ನಿಮಗ ಮೋಸಗಾರ ಅಂದೀನಿ, ಇನಾಯತ್ ಭಾಯ್. ತಪ್ಪು ನಮ್ಮ ಖಣದ್ದು."

ಇನಾಯತ್ ಕಣ್ಣೀರು ಬರುವಷ್ಟು ನಕ್ಕು, ಚಹಾ ತರಿಸಿದ. "ಇರಲಿ ಬಿಡ್ರಿ ಅಕ್ಕ. ಬಸ್ಸಿನ ಮಂದಿಗೆಲ್ಲ ನನ್ನ ಅಂಗಡಿ ಗೊತ್ತಾತು."

ಆ ಮಳೆಗಾಲಕ್ಕೆ ಅದೇ ಹರಳಿನ ತಗಡಿನ, ಇಟ್ಟಂಗಿಗೆಂಪಿನ ಹೊಸ ಸೂರು ಏರಿತು. ಮೂರು ಬೇಸಿಗೆ ಕಳೆದರೂ ಬಣ್ಣ ಇದ್ದಂತೆಯೇ ಇತ್ತು. ಒಂದು ಮಧ್ಯಾಹ್ನ ಬಸ್ಸೊಂದು ನಿಂತಿತು, "ಕೆಂಪ ಅಂಗಡಿ, ಇಳೀರಿ" ಎಂದು ಕಂಡಕ್ಟರ್ ಕೂಗಿದ. ಎಷ್ಟು ಸಲ ಕೇಳಿದರೂ ಆ ಕೂಗಿಗೆ ದುಂಡಮ್ಮನ ಜೀವ ಹಿಗ್ಗುತ್ತಿತ್ತು. ಇಳಿದವಳು ಮಲ್ಕಮ್ಮ. ಆಕೆ ಹಣೆಗೆ ಕೈ ಅಡ್ಡ ಹಿಡಿದು ಸೂರನ್ನು ನೋಡಿ, "ಬಣ್ಣ ಪಕ್ಕಾ ಅದ ವೈನಿ" ಅಂದಳು.

ದುಂಡಮ್ಮ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಳು. ಮರುದಿನ ನಾದಿನಿ ಹೊರಟಾಗ ಪ್ರೀತಿಯಿಂದ ಉಡಿ ತುಂಬಿದಳು. ಖಣ ಮಾತ್ರ ತಾನೇ ಆರಿಸಿ ತಂದದ್ದು, ಅಂಗಡಿಯವನ ಎದುರಿಗೇ ಒದ್ದೆ ಬೆರಳಿನಿಂದ ತಿಕ್ಕಿ ನೋಡಿದ್ದು.