ಮೂರೇ ಮೂರು ಕೆಮ್ಮು

ಕವಿಯಾಗಬೇಕಾದರೆ ಮೊದಲು ಕಿವಿಯಾಗಬೇಕು, ಒಂದೇ ಒಂದು ಗುಡಿಸು ಜಾಸ್ತಿ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದಾಗ ಐದನೇ ತರಗತಿಯವರು ನಕ್ಕಿದ್ದರು. ಆ ಶಾಲೆಯಲ್ಲಿ ನನಗೆ ಸಿಕ್ಕ ಮೊದಲ ನಗು ಅದು. ಶಾಲೆಯ ಹಿಂದೆಯೇ, ಹೆಚ್ಚಿನ ಮಕ್ಕಳ ಅಪ್ಪಂದಿರು ದುಡಿಯುವ, ಕಲ್ಲು ಪುಡಿ ಮಾಡುವ ಕ್ರಷರ್. ಅದು ಶುರುವಾದರೆ ಪಾಠ ನಿಲ್ಲುತ್ತಿತ್ತು. ಬೆಂಚಿನ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತಿತ್ತು. ವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ ನಾನು ಅಲ್ಲಿಗೆ ಪದ್ಯ, ಅಭಿನಯ ಹೇಳಿಕೊಡಲು ಹೋಗುತ್ತಿದ್ದೆ. ನನ್ನ ಪೀರಿಯಡ್ಡು ಊಟದ ನಂತರವೇ. ಮೊದಲಿಟ್ಟರೆ ಪದ್ಯಕ್ಕಿಂತ ಹೊಟ್ಟೆಯ ವಾದ್ಯ ಜೋರು ಎನ್ನುವುದು ಹೆಡ್‌ಮೇಡಮ್ಮಿನ ಅನುಭವ.

ನಾನು ಕೊಟ್ಟ ಹೋಂವರ್ಕು ಒಂದೇ: ಮನೆಯಿಂದ ಒಂದು ದನಿ ಕದ್ದು ತನ್ನಿ. ಒಬ್ಬ ಹುಡುಗ ಅಜ್ಜಿಯ ಗೊರಕೆ ತಂದ. ಒಬ್ಬ ಹುಡುಗಿ ತನ್ನ ಚಿಕ್ಕಮ್ಮ ಕೋಳಿಯನ್ನು ಬೈಯುವುದನ್ನು ತಂದಳು. ಕೇಳಿದ್ದನ್ನೆಲ್ಲ ಹಾಗೇ ಒಪ್ಪಿಸುತ್ತಾಳೆಂದು ಎಲ್ಲರೂ ‘ರೇಡಿಯೋ’ ಎಂದು ಕರೆಯುವ ಹುಡುಗಿ ಅಪ್ಪನನ್ನು ತಂದಳು. ಕ್ರಷರಿನಿಂದ ಸಂಜೆ ಬಂದ ಅಪ್ಪ ಆಡುವ ಮಾತುಗಳೇ ಅವಳ ಪದ್ಯ:

ಬಾಗಿಲು ತೆಗಿ ಮಗಾ, ನಾನೇ.
ನೀರು ಕೊಡು, ದೊಡ್ಡ ಲೋಟದಲ್ಲಿ.
ಏನಿಲ್ಲ ಬಿಡು, ಧೂಳು.
ನೀನು ಓದ್ಕೋ, ನೀನು ಓದ್ಕೋ.

ಸಾಲುಗಳ ನಡುವೆ ಕೆಮ್ಮು. ಗಂಟಲಿನದಲ್ಲ, ಎದೆಯ ಬುಡದಿಂದ ಎದ್ದು, ಕೊನೆಯಲ್ಲಿ ಸಿಳ್ಳೆಯಂತೆ ಎಳೆಯುವಂಥದ್ದು. ಮಂತ್ರಿಯಿಂದ ಮಿಕ್ಸಿಯವರೆಗೆ ಎಲ್ಲದರ ದನಿ ತೆಗೆಯುವ ನನಗೇ ಆ ಸಿಳ್ಳೆ ಬರಲಿಲ್ಲ. ಎಣಿಸಿದೆ, ಹನ್ನೊಂದು ಸಲ.

"ಜಾಸ್ತಿ ಆಯ್ತು ಪುಟ್ಟಾ. ಮೂರು ಸಲಕ್ಕೆ ಜನ ನಗ್ತಾರೆ, ನಾಲ್ಕಕ್ಕೆ ಆಕಳಿಸ್ತಾರೆ. ಮೂರೇ ಇಟ್ಕೋ."

"ಅಪ್ಪ ಅಷ್ಟು ಕೆಮ್ಮುತ್ತಲ್ಲ ಸಾರ್?"

"ಅದು ಮನೆ, ಇದು ಸ್ಟೇಜು."

ಮೂರಕ್ಕೆ ಇಳಿಸಿದಳು. ಪಟ್ಟಣದ ರಂಗಮಂದಿರದಲ್ಲಿ ಮಕ್ಕಳ ಕಾರ್ಯಕ್ರಮವಿತ್ತು, ಶಾಲೆಗೊಂದು ಪದ್ಯ. ನಾನು ಇವಳ ಹೆಸರು ಬರೆದೆ. ಪಟ್ಟಣವನ್ನೇ ನೋಡದವಳು, ಪರದೆ ಮೇಲಕ್ಕೆ ಹೋಗುತ್ತಾ, ಪಕ್ಕಕ್ಕೆ ಸರಿಯುತ್ತಾ ಎಂದು ನನ್ನ ತಲೆ ತಿಂದಳು.

"ಅಪ್ಪ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕುತ್ತಾ ಸಾರ್?"

"ನೀನು ಮಾಡೋದು ನೋಡಿದ್ರೆ ಎರಡು ಸೈನ್ ಹಾಕ್ತಾರೆ."

ನೋಡಲೆಂದೇ ಮಕ್ಕಳ ಮನೆಯವರನ್ನೆಲ್ಲ ಶಾಲೆಗೆ ಕರೆಸಿದೆ. ಮೊದಲ ಕೆಮ್ಮಿಗೇ ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡರು. "ಅಯ್ಯೋ, ಥೇಟ್ ಅವನೇ ಕಣೇ!" ಎರಡನೆಯದಕ್ಕೆ ಇಡೀ ಕೋಣೆ ನಕ್ಕಿತು. ಮೂರನೆಯದಕ್ಕೆ ಚಪ್ಪಾಳೆ. ನಗದೆ ಕೂತವರು ಒಬ್ಬರೇ, ಕೊನೆಯ ಬೆಂಚಿನಲ್ಲಿ, ಹುಬ್ಬಿನಲ್ಲೂ ಬಿಳಿ ಪುಡಿ ಹೊತ್ತ ಅವಳ ಅಪ್ಪ.

ಎಲ್ಲರೂ ಹೋಗುವ ತನಕ ಕಾದು, ಒಪ್ಪಿಗೆ ಪತ್ರ ಹಿಡಿದು ಬಂದರು. "ಚೆನ್ನಾಗಿ ಕಲಿಸಿದೀರಿ ಸಾರ್." ಆಮೇಲೆ ದನಿ ತಗ್ಗಿಸಿ, "ಒಂದು ಕೇಳ್ಲಾ? ಹಿಂಗೇ ಇದೆಯಾ ನನ್ ಕೆಮ್ಮು? ಆ ಸಿಳ್ಳೆ... ಒಳಗಿಂದ ನಂಗೆ ಕೇಳ್ಸಲ್ಲ. ನಮ್ ಭಾವಂಗೆ ಹಂಗೇ ಬರ್ತಿತ್ತು. ಅದು ಬಂದ್ಮೇಲೆ ಆರು ತಿಂಗ್ಳು ಇದ್ದ, ಅಷ್ಟೇ."

"ಛೆ ಛೆ, ಇಲ್ಲಣ್ಣಾ! ನಾಟಕ ಅಲ್ವಾ, ಸ್ವಲ್ಪ ಉಪ್ಪು ಖಾರ ಹಾಕ್ಬೇಕು. ನಾನೇ ಜಾಸ್ತಿ ಮಾಡಿಸ್ದೆ."

ಅವರ ಭುಜ ಇಳಿಯಿತು. "ಹಂಗೆ ಹೇಳಿ ಮತ್ತೆ," ಎಂದು ನಗುತ್ತಾ ಪೆನ್ನು ಕೇಳಿದರು.

"ಇಲ್ಲಪ್ಪಾ," ಎಂದಳು ರೇಡಿಯೋ. ತಾನು ಸುಳ್ಳು ಸೇರಿಸಿದೆ ಎಂದಂತಾಯಿತೇನೋ, ಮುಖ ಊದಿಸಿಕೊಂಡಿದ್ದಳು. "ನಾನೇನೂ ಜಾಸ್ತಿ ಮಾಡಿಲ್ಲ. ಸಾರೇ ಕಮ್ಮಿ ಮಾಡ್ಸಿದ್ದು. ನೀನು ಹನ್ನೊಂದು ಸಲ ಕೆಮ್ತೀಯ. ಮೂರೇ ಸಾಕು ಅಂದ್ರು."

ಅವರು ನನ್ನ ಮುಖ ನೋಡಿದರು. ನಾನು ಕಣ್ಣು ತಪ್ಪಿಸಿ, ಅವರು ಕೇಳಿದ ಪೆನ್ನು ಚಾಚಿದೆ.

ಪತ್ರವನ್ನು ಬೆಂಚಿನ ಮೇಲಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. "ಹೋಗಿ ಬರ್ಲಿ ಸಾರ್." ಅಷ್ಟರಲ್ಲಿ ಕೆಮ್ಮು ಬಂತು. ಅವರು ಬಾಯಿ ಬಿಗಿದರು. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರಾಡಿತು. ಹಾಗೇ ತಡೆದುಕೊಂಡು ಹೊರಗೆ ನಡೆದರು.

ನೀರಿನ ಟ್ಯಾಂಕಿನ ಹಿಂದೆ ಹೋದ ಮೇಲೆ ಬಿಟ್ಟರು. ಹುಡುಗಿ ಕಿವಿಗೊಟ್ಟು ನಿಂತಿದ್ದಳು. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದಳು. ಹನ್ನೊಂದಕ್ಕೆ ಅದು ನಿಲ್ಲಲಿಲ್ಲ.

"ನಾನು ಬರಲ್ಲ ಸಾರ್," ಎಂದಳು. "ನನ್ ಹೆಸರು ಹೊಡೆದುಬಿಡಿ."

ಪಟ್ಟಿ ತೆಗೆದು ಅವಳ ಹೆಸರು ಹೊಡೆದೆ.

"ಅಯ್ಯೋ, ಅದಕ್ಯಾಕೆ ತಲೆ ಕೆಡಿಸ್ಕೊತೀರಿ?" ಎಂದರು ಹೆಡ್‌ಮೇಡಂ. "ಬೇರೆ ಯಾರನ್ನಾದ್ರೂ ಹಾಕಿ. ಆ ಪದ್ಯ ಈಗ ಎಲ್ಲರಿಗೂ ಬಾಯಿಪಾಠ."

ನಿಜ. ಮುಂದಿನ ವಾರ ನಾನು ಹೋದಾಗ ನಲ್ಲಿಯ ಮುಂದೆ ತಟ್ಟೆ ಹಿಡಿದು ನಿಂತ ಮಕ್ಕಳು, ರೇಡಿಯೋ ಒಬ್ಬಳ ಹೊರತು, ಒಬ್ಬರಾದ ಮೇಲೊಬ್ಬರು ಕೆಮ್ಮಿ ತೋರಿಸುತ್ತಿದ್ದರು. ಅವಳದನ್ನು ಕಾಪಿ ಹೊಡೆಯುತ್ತಿದ್ದಾರೆ ಎಂದುಕೊಂಡೆ. ಹತ್ತಿರ ಹೋಗಿ ಕಿವಿಗೊಟ್ಟೆ. ಒಬ್ಬೊಬ್ಬರದೂ ಬೇರೆ ಬೇರೆ ಕೆಮ್ಮು, ಅವರವರ ಮನೆಯದು.